ಸೆಂಡ್ ಅಂದ್ರೆ ಜೆರಾಕ್ಸ್, ಔಟ್‌ಪುಟ್ ಅಂದ್ರೆ ದಾರಿ

ಪ್ರಶ್ನೆ: ಮನೆಯಲ್ಲೇ ಕೂತು ಮಿಕ್ಸಿಂಗ್ ಕಲಿಯುತ್ತಿದ್ದೇನೆ. ಈಗ ಕೈಯಲ್ಲಿರುವ ಹಾಡಿನಲ್ಲಿ 24 ಟ್ರ್ಯಾಕ್ ಇವೆ. ಮೊದಲು ಒಂದೊಂದು ಟ್ರ್ಯಾಕ್‌ಗೂ ಒಂದೊಂದು ರಿವರ್ಬ್ (ಕೋಣೆಯ ಗುಂಗು ಸೇರಿಸುವ ಎಫೆಕ್ಟ್) ಹಾಕಿದ್ದೆ. ಕಂಪ್ಯೂಟರ್ ತಡವರಿಸತೊಡಗಿತು. ಗೊತ್ತಿದ್ದವರು ‘ಬಸ್, ಸೆಂಡ್ ಬಳಸು’ ಅಂದರು. ಡ್ರಮ್ಸ್‌ನ 8 ಟ್ರ್ಯಾಕ್‌ಗಳಿಂದ ಒಂದು ಬಸ್‌ಗೆ (ಹಲವು ಟ್ರ್ಯಾಕ್ ಒಟ್ಟಿಗೆ ಸೇರುವ ಚಾನೆಲ್‌ಗೆ) ಸೆಂಡ್ ಕೊಟ್ಟೆ, ಆ ಬಸ್ ಮೇಲೆ ಕಂಪ್ರೆಸರ್ (ಜೋರಾದ ಧ್ವನಿಯನ್ನು ತಗ್ಗಿಸುವ ಪ್ಲಗಿನ್) ಹಾಕಿದೆ. ಈಗ ಡ್ರಮ್ಸ್ ಮೊದಲಿಗಿಂತ ಜೋರಾಗಿದೆ, ಆದರೆ ಕಂಪ್ರೆಸರ್ ಅರ್ಧಂಬರ್ಧ ಕೆಲಸ ಮಾಡಿದ ಹಾಗಿದೆ. ಬಸ್ ಮ್ಯೂಟ್ ಮಾಡಿದರೂ ಡ್ರಮ್ಸ್ ಕೇಳಿಸುತ್ತೆ. ಗಾಯನದಲ್ಲಿ ಇನ್ನೊಂದು ತೊಂದರೆ. ಅಲ್ಲಿ ಬಸ್ ಫೇಡರ್ ಪೂರ್ತಿ ಇಳಿಸಿದರೂ ರಿವರ್ಬ್ ಮಾತ್ರ ಉಳಿದುಬಿಡುತ್ತೆ. ಎಲ್ಲಿ ತಪ್ಪುತ್ತಿದ್ದೇನೆ? ಒಂದು ಹಾಡಿಗೆ ಎಷ್ಟು ಬಸ್ ಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ಬಸ್ ಮ್ಯೂಟ್ ಮಾಡಿದರೂ ಡ್ರಮ್ಸ್ ಕೇಳಿಸುತ್ತೆ’ ಅಂದಿರಲ್ಲ, ಸುಳಿವು ಅದೇ. ಬಸ್ ಮುಚ್ಚಿದ ಮೇಲೂ ಡ್ರಮ್ಸ್ ಬರುತ್ತಿದೆ ಅಂದರೆ, ಅದು ಮಾಸ್ಟರ್‌ಗೆ, ಅಂದರೆ ಎಲ್ಲ ಧ್ವನಿಯೂ ಕೊನೆಗೆ ಸೇರುವ ಚಾನೆಲ್‌ಗೆ, ಹೋಗಲು ಇನ್ನೊಂದು ದಾರಿ ತೆರೆದೇ ಇದೆ ಅಂತ ಅರ್ಥ.

ಪ್ರತಿ ಟ್ರ್ಯಾಕ್‌ನಿಂದ ಧ್ವನಿ ಹೊರಗೆ ಹೋಗಲು ಎರಡು ಬಗೆಯ ಬಾಗಿಲುಗಳಿವೆ. ಒಂದು ಔಟ್‌ಪುಟ್. ಅದು ಟ್ರ್ಯಾಕ್‌ನ ಮೂಲ ಧ್ವನಿ ಹೋಗುವ ದಾರಿ. ಇನ್ನೊಂದು ಸೆಂಡ್. ಸೆಂಡ್ ಅಂದ್ರೆ ಜೆರಾಕ್ಸ್ ಪ್ರತಿ. ನೀವು ಒಂದು ಪತ್ರದ ಜೆರಾಕ್ಸ್ ತೆಗೆದು ಬೇರೆಯವರಿಗೆ ಕೊಟ್ಟರೆ ಮೂಲ ಪತ್ರಕ್ಕೆ ಏನೂ ಆಗೋದಿಲ್ಲ. ಅದು ಹೋಗಬೇಕಾದ ಕಡೆ ಹೋಗಿಯೇ ಹೋಗುತ್ತೆ. ಸೆಂಡ್ ಕೂಡ ಹಾಗೇ. ಎಷ್ಟೇ ಜಾಸ್ತಿ ಕೊಟ್ಟರೂ ಮೂಲ ಧ್ವನಿಯಲ್ಲಿ ಒಂದು ಚೂರೂ ಕಮ್ಮಿ ಆಗೋದಿಲ್ಲ. ಸೆಂಡನ್ನು ನೀರಿನ ಕಾಲುವೆಗೆ ಹೋಲಿಸಿ ಹೇಳಿಕೊಡುವವರಿದ್ದಾರೆ. ನನಗೆ ಆ ಹೋಲಿಕೆ ಒಪ್ಪಿಗೆ ಇಲ್ಲ. ಕಾಲುವೆಯಿಂದ ನೀರು ತಿರುಗಿಸಿದರೆ ಮೂಲದಲ್ಲಿ ನೀರು ಇಳಿಯುತ್ತೆ. ಇಲ್ಲಿ ಏನೂ ಇಳಿಯೋದಿಲ್ಲ.

ಈಗ ನಿಮ್ಮ ಡ್ರಮ್ಸ್ ನೋಡಿ. 8 ಟ್ರ್ಯಾಕ್‌ಗಳ ಔಟ್‌ಪುಟ್ ಮೊದಲಿನ ಹಾಗೇ ಮಾಸ್ಟರ್‌ಗೆ ಹೋಗುತ್ತಿದೆ. ಅದೇ ಧ್ವನಿಯ ಜೆರಾಕ್ಸ್ ಬಸ್‌ಗೆ ಹೋಗಿ, ಅಲ್ಲಿಂದ ಮತ್ತೆ ಮಾಸ್ಟರ್‌ಗೆ ಬರುತ್ತಿದೆ. ಒಂದೇ ಡ್ರಮ್ಸ್ ಎರಡು ಸಲ. ಒಂದೇ ರೀತಿಯ ಎರಡು ಸಿಗ್ನಲ್ ಕೂಡಿದರೆ ಮಟ್ಟ ಸುಮಾರು 6 ಡಿಬಿ (ಡೆಸಿಬೆಲ್) ಏರುತ್ತೆ. ಜೋರಾಗಿದ್ದು ಇದಕ್ಕೇ.

ಕಂಪ್ರೆಸರ್ ಅರ್ಧಂಬರ್ಧ ಅನಿಸಿದ್ದಕ್ಕೂ ಲೆಕ್ಕ ಇದೆ. ಸ್ನೇರ್ ಡ್ರಮ್ ಏಟು ಬಿದ್ದಾಗ ಕಂಪ್ರೆಸರ್ ಅದನ್ನು 6 ಡಿಬಿ ತಗ್ಗಿಸಿತು ಅಂದುಕೊಳ್ಳಿ. 6 ಡಿಬಿ ತಗ್ಗಿದರೆ ಸಿಗ್ನಲ್ ಅರ್ಧ ಆಗುತ್ತೆ. ನೇರವಾಗಿ ಬಂದಿದ್ದು 1, ಬಸ್‌ನಿಂದ ಬಂದಿದ್ದು 0.5, ಕೂಡಿದರೆ 1.5. ಕಂಪ್ರೆಸರ್ ಏನೂ ಮಾಡದೆ ಇದ್ದಿದ್ದರೆ ಒಟ್ಟು 2 ಆಗಿರುತ್ತಿತ್ತು. 2ರಿಂದ 1.5ಕ್ಕೆ ಇಳಿದರೆ ಅದು ಬರೀ 2.5 ಡಿಬಿ. ಮೀಟರ್ 6 ತೋರಿಸುತ್ತೆ, ಕಿವಿಗೆ ಸಿಗೋದು ಎರಡೂವರೆ. ಕಂಪ್ರೆಸರ್ ಸರಿಯಾಗೇ ಕೆಲಸ ಮಾಡ್ತಾ ಇತ್ತು. ಅದರ ಪಕ್ಕದಲ್ಲೇ ಕಂಪ್ರೆಸ್ ಆಗದ ಡ್ರಮ್ಸ್ ನುಗ್ಗಿ ಬರುತ್ತಿದ್ದರಿಂದ ನಿಮಗೆ ಹಾಗೆ ಅನಿಸಿತು.

ಸರಿಪಡಿಸೋದು ಸುಲಭ. ಡ್ರಮ್ಸ್‌ನ ಆ 8 ಸೆಂಡ್‌ಗಳನ್ನು ತೆಗೆದುಹಾಕಿ. ಆ ಟ್ರ್ಯಾಕ್‌ಗಳ ಔಟ್‌ಪುಟ್ ಅನ್ನೇ ಮಾಸ್ಟರ್ ಬದಲು ಡ್ರಮ್ಸ್ ಬಸ್‌ಗೆ ತಿರುಗಿಸಿ. ಬಸ್‌ನ ಔಟ್‌ಪುಟ್ ಮಾಸ್ಟರ್‌ಗೆ ಇರಲಿ. ಈಗ ಬಸ್ ಮ್ಯೂಟ್ ಮಾಡಿ ನೋಡಿ, ಡ್ರಮ್ಸ್ ಪೂರ್ತಿ ನಿಲ್ಲಬೇಕು.

ಇನ್ನು ಮುಂದೆ ಎಲ್ಲೇ ದಾರಿ ಹಾಕುವಾಗಲೂ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ನನಗೆ ಮೂಲವೇ ಹೋಗಬೇಕಾ, ಪ್ರತಿ ಹೋಗಬೇಕಾ? ಹಲವು ಟ್ರ್ಯಾಕ್ ಸೇರಿಸಿ ಒಟ್ಟಿಗೆ ಇಕ್ಯು (ಈಕ್ವಲೈಜರ್, ಕೆಳಗಿನ ಮೇಲಿನ ಆವರ್ತನಗಳ ಮಟ್ಟ ತಿದ್ದುವ ಪ್ಲಗಿನ್), ಕಂಪ್ರೆಸರ್ ಹಾಕಬೇಕಾದರೆ ಮೂಲ ಹೋಗಬೇಕು, ಅಂದರೆ ಔಟ್‌ಪುಟ್. ಮೂಲ ಹಾಗೇ ಇರಲಿ, ಅದರ ಪಕ್ಕದಲ್ಲಿ ಇನ್ನೇನೋ ಸೇರಲಿ ಅನ್ನುವ ರಿವರ್ಬ್, ಡಿಲೇ (ತಡವಾಗಿ ಬರುವ ಮರುದನಿ), ಪ್ಯಾರಲಲ್ ಕಂಪ್ರೆಷನ್ (ಮುಂದೆ ಹೇಳುತ್ತೇನೆ) ಇವಕ್ಕೆಲ್ಲ ಪ್ರತಿ ಸಾಕು, ಅಂದರೆ ಸೆಂಡ್.

ಮಿಕ್ಸಿಂಗ್ ಸಾಫ್ಟ್‌ವೇರ್‌ಗಳಲ್ಲಿ ಹೆಸರುಗಳ ಗೊಂದಲ ಬೇರೆ ಇದೆ. ಪ್ರೊ ಟೂಲ್ಸ್‌ನಲ್ಲಿ ಬಸ್ ಅಂದರೆ ಬರೀ ತಂತಿ, ಅದು ಬಂದು ಸೇರುವ ಚಾನೆಲ್‌ಗೆ ಆಕ್ಸ್ ಇನ್‌ಪುಟ್ ಅನ್ನುತ್ತಾರೆ. ಲಾಜಿಕ್‌ನಲ್ಲೂ ಹೆಚ್ಚೂಕಡಿಮೆ ಹಾಗೇ. ಕ್ಯೂಬೇಸ್‌ನಲ್ಲಿ ಗ್ರೂಪ್ ಚಾನೆಲ್, ಎಫ್‌ಎಕ್ಸ್ ಚಾನೆಲ್ ಅಂತ ಬೇರೆ ಬೇರೆ ಹೆಸರು. ಏಬಲ್ಟನ್ ಲೈವ್‌ನಲ್ಲಿ ಗ್ರೂಪ್ ಟ್ರ್ಯಾಕ್ ಮತ್ತು ರಿಟರ್ನ್ ಟ್ರ್ಯಾಕ್. ರೀಪರ್‌ನಲ್ಲಿ ಇಂಥ ಭೇದವೇ ಇಲ್ಲ, ಯಾವ ಟ್ರ್ಯಾಕ್ ಬೇಕಾದರೂ ಯಾವ ಕೆಲಸ ಬೇಕಾದರೂ ಮಾಡುತ್ತೆ. ಹೆಸರು ಏನೇ ಇರಲಿ, ಒಳಗೆ ನಡೆಯೋದು ಒಂದೇ: ಹಲವು ಸಿಗ್ನಲ್ ಒಂದು ಕಡೆ ಬಂದು ಕೂಡುತ್ತವೆ. ನಾನು ಇಲ್ಲಿ ಔಟ್‌ಪುಟ್ ಮೂಲಕ ಸೇರುವುದನ್ನು ‘ಬಸ್’ ಅಂತಲೂ, ಸೆಂಡ್ ಮೂಲಕ ಬಂದ ಪ್ರತಿಗೆ ಎಫೆಕ್ಟ್ ಹಾಕುವ ಚಾನೆಲ್ಲನ್ನು ‘ರಿಟರ್ನ್’ ಅಂತಲೂ ಕರೆಯುತ್ತೇನೆ.

ಸೆಂಡ್ ಅನ್ನುವ ಯೋಚನೆ ಎಲ್ಲಿಂದ ಬಂತು ಅಂತ ತಿಳಿದರೆ ಅದರ ಕೆಲಸ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. 1947ರಲ್ಲಿ ಬಿಲ್ ಪಟ್ನಮ್ ಅನ್ನುವ ಅಮೆರಿಕದ ಎಂಜಿನಿಯರ್, ಹಾರ್ಮೋನಿಕಾ ನುಡಿಸುವ ಮೂವರ ತಂಡದ ಧ್ವನಿಮುದ್ರಣಕ್ಕೆ ಸ್ಟುಡಿಯೋದ ಬಾತ್‌ರೂಮನ್ನೇ ಎಕೋ ಚೇಂಬರ್ ಮಾಡಿಕೊಂಡರು. ಧ್ವನಿಯ ಒಂದು ಪ್ರತಿ ಆ ಕೋಣೆಯ ಸ್ಪೀಕರ್‌ಗೆ ಹೋಗುತ್ತೆ. ಅಲ್ಲಿ ಗೋಡೆಗಳಿಗೆ ಬಡಿದು ಗುಂಯ್‌ಗುಟ್ಟಿದ್ದನ್ನು ಮೈಕ್ ಹಿಡಿದು ವಾಪಸ್ ತರುತ್ತೆ. ಕಳಿಸಿದ್ದು ಸೆಂಡ್, ಮರಳಿ ಬಂದಿದ್ದು ರಿಟರ್ನ್. ಆಮೇಲೆ 1957ರಲ್ಲಿ ಇಎಂಟಿ 140 ಅನ್ನುವ ಪ್ಲೇಟ್ ರಿವರ್ಬ್ ಬಂತು. ದೊಡ್ಡ ಉಕ್ಕಿನ ತಗಡನ್ನು ಚೌಕಟ್ಟಿಗೆ ಬಿಗಿದು ಕಂಪಿಸುವ ಹಾಗೆ ಮಾಡಿದ ಯಂತ್ರ ಅದು. ಇಷ್ಟು ಭಾರದ್ದನ್ನು ಟ್ರ್ಯಾಕ್‌ಗೊಂದರಂತೆ ಯಾರು ಇಡುತ್ತಾರೆ? ಇದ್ದ ಒಂದೆರಡನ್ನೇ ಎಲ್ಲರೂ ಹಂಚಿಕೊಳ್ಳಬೇಕಿತ್ತು. ಎಷ್ಟು ಬೇಕೋ ಅಷ್ಟು ಪ್ರತಿ ಕಳಿಸಿ, ವಾಪಸ್ ಬಂದಿದ್ದನ್ನು ಒಟ್ಟಿಗೆ ಕೂಡಿಸು, ಅಷ್ಟೇ.

ಆ ಬಡತನದಿಂದ ಒಂದು ಒಳ್ಳೆಯದೂ ಆಯಿತು. ಎಲ್ಲ ವಾದ್ಯಗಳೂ ಒಂದೇ ಕೋಣೆಯ ಗುಂಗಿನಲ್ಲಿ ಸೇರಿದ್ದರಿಂದ, ಎಲ್ಲರೂ ಒಂದೇ ಜಾಗದಲ್ಲಿ ಕೂತು ನುಡಿಸಿದ ಹಾಗೆ ಕೇಳಿಸಿತು. ನಿಮ್ಮ 24 ರಿವರ್ಬ್‌ಗಳ ತೊಂದರೆ ಕಂಪ್ಯೂಟರ್‌ನದ್ದು ಮಾತ್ರ ಅಲ್ಲ. 24 ಬೇರೆ ಬೇರೆ ಕೋಣೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಕಿವಿಗೆ ಯಾವ ಕೋಣೆಯೂ ಸಿಗೋದಿಲ್ಲ. ಸುಮ್ನೆ ಮಸುಕು ಮಸುಕಾಗುತ್ತೆ. ಎಷ್ಟೇ ಶಕ್ತಿಯ ಕಂಪ್ಯೂಟರ್ ಇದ್ದರೂ ನಾನು ಒಂದು ಹಾಡಿಗೆ ಎರಡು ಅಥವಾ ಮೂರು ರಿವರ್ಬ್ ರಿಟರ್ನ್ ದಾಟೋದಿಲ್ಲ: ಒಂದು ಚಿಕ್ಕ ಕೋಣೆ, ಒಂದು ಉದ್ದನೆಯ ಪ್ಲೇಟ್, ಅಪರೂಪಕ್ಕೆ ಒಂದು ದೊಡ್ಡ ಹಾಲ್.

ಗಾಯನಕ್ಕೆ ಒಂದು ರಿವರ್ಬ್ ರಿಟರ್ನ್ ಹೇಗೆ ಕಟ್ಟುತ್ತೇನೆ ಅಂತ ಹಂತ ಹಂತವಾಗಿ ಹೇಳುತ್ತೇನೆ, ಜೊತೆಗೇ ಮಾಡಿ ನೋಡಿ.

ಹೊಸ ರಿಟರ್ನ್ ಚಾನೆಲ್ ತೆರೆದು ‘ಗಾಯನ ಪ್ಲೇಟ್’ ಅಂತ ಹೆಸರಿಡಿ. ಮೊದಲು ಇಕ್ಯು. 300ರಿಂದ 600 ಹರ್ಟ್ಸ್ ಒಳಗೆ ಎಲ್ಲೋ ಒಂದು ಕಡೆ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವುದು), ಮೇಲೆ 8ರಿಂದ 10 ಕಿಲೋಹರ್ಟ್ಸ್ ಹತ್ತಿರ ಲೋಪಾಸ್ (ಅದಕ್ಕಿಂತ ಮೇಲಿನದನ್ನು ಕತ್ತರಿಸುವುದು). ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ರಿವರ್ಬ್‌ಗೆ ಹೋಗುವ ಮುನ್ನ 600 ಹರ್ಟ್ಸ್ ಕೆಳಗಿನದನ್ನೂ 10 ಕಿಲೋಹರ್ಟ್ಸ್ ಮೇಲಿನದನ್ನೂ ಕತ್ತರಿಸುವ ರೂಢಿ ಇತ್ತು, ಅದನ್ನು ಇವತ್ತಿಗೂ ಆ ಸ್ಟುಡಿಯೋದ ಹೆಸರಿನಿಂದಲೇ ಕರೆಯುತ್ತಾರೆ. ರಿವರ್ಬ್‌ನಲ್ಲಿ ಕೆಳಗಿನ ಗುಡುಗು ಉಳಿದರೆ ಬೇಸ್, ಕಿಕ್ ಡ್ರಮ್ ಎರಡೂ ಕೆಸರಾಗುತ್ತವೆ.

ಇಕ್ಯು ಆದ ಮೇಲೆ ಒಂದು ಡಿ-ಎಸ್ಸರ್ ಹಾಕಿ, ಧಾರಾಳವಾಗಿ. ‘ಸ’, ‘ಶ’, ‘ಚ’ ಬಂದಾಗ ರಿವರ್ಬ್ ಚುಸ್ ಅಂತ ಸಿಡಿಯುತ್ತಲ್ಲ, ಅದು ನಿಲ್ಲುತ್ತೆ. ಮೂಲ ಗಾಯನದ ಮೇಲೆ ಇಷ್ಟು ಜೋರಾಗಿ ಹಾಕಿದ್ದರೆ ಹಾಡುವವರ ನಾಲಿಗೆ ತೊದಲಿದ ಹಾಗೆ ಕೇಳಿಸುತ್ತಿತ್ತು. ಇಲ್ಲಿ ಹಾಕಿದ್ದು ಪ್ರತಿಯ ಮೇಲೆ, ಹಾಗಾಗಿ ಮೂಲದ ‘ಸ’ ಹಾಗೇ ಗರಿಗರಿಯಾಗಿ ಉಳಿಯುತ್ತೆ. ಸೆಂಡ್ ಬಳಸುವುದರಲ್ಲಿ ನನಗೆ ಅತಿ ಇಷ್ಟವಾದ ಅನುಕೂಲ ಇದೇ. ರಿವರ್ಬ್‌ಗೆ ಏನು ಹೋಗಬೇಕು ಅನ್ನೋದನ್ನು ಮೂಲ ಮುಟ್ಟದೆ ತಿದ್ದಬಹುದು.

ಆಮೇಲೆ ರಿವರ್ಬ್. ಮಿಕ್ಸ್ ಗುಂಡಿ 100ಕ್ಕೆ, ಅಂದರೆ ಪೂರ್ತಿ ವೆಟ್ (ಬರೀ ಎಫೆಕ್ಟ್, ಮೂಲ ಧ್ವನಿ ಇಲ್ಲ). ಇದನ್ನು ಮರೆಯಬೇಡಿ. 30 ವೆಟ್ ಅಂತ ಬಿಟ್ಟರೆ ಉಳಿದ 70 ಭಾಗ ಮೂಲ ಧ್ವನಿಯೇ ರಿಟರ್ನ್‌ನಿಂದಲೂ ಬರುತ್ತೆ. ಆಗ ಸೆಂಡ್ ಏರಿಸಿದಷ್ಟೂ ರಿವರ್ಬ್ ಜೊತೆಗೆ ಗಾಯನವೂ ಜೋರಾಗುತ್ತೆ. ನಿಮ್ಮ ಡ್ರಮ್ಸ್‌ನ ಕತೆಯೇ ಇಲ್ಲೂ ಶುರು. ಪ್ರೀ-ಡಿಲೇ 20ರಿಂದ 40 ಮಿಲಿಸೆಕೆಂಡ್ ಇಡಿ, ಅಕ್ಷರಗಳು ಮೊದಲು ಸ್ಪಷ್ಟವಾಗಿ ಬಂದು ಗುಂಗು ಹಿಂದಿನಿಂದ ಬರುತ್ತೆ.

ಈಗ ಗಾಯನದ ಟ್ರ್ಯಾಕ್‌ನಲ್ಲಿ ಸೆಂಡ್ ತೆರೆಯಿರಿ. ಪೂರ್ತಿ ಕೆಳಗಿನಿಂದ ಶುರು ಮಾಡಿ. ಹಾಡು ಪೂರ್ತಿ ಬರುತ್ತಿರಲಿ, ಗಾಯನವನ್ನು ಸೋಲೋ ಮಾಡಬೇಡಿ, ಅಂದರೆ ಅದೊಂದನ್ನೇ ಕೇಳಬೇಡಿ. ಸೋಲೋದಲ್ಲಿ ಸರಿ ಅನಿಸಿದ ರಿವರ್ಬ್ ಹಾಡಿನೊಳಗೆ ಬಂದಾಗ ಕಾಣೆಯಾಗುತ್ತೆ. ಮೈನಸ್ 20 ಡಿಬಿ ಆಸುಪಾಸಿನಲ್ಲಿ ಏನೋ ಬದಲಾಗಿದೆ ಅನಿಸತೊಡಗುತ್ತೆ. ‘ಆಹಾ, ರಿವರ್ಬ್ ಕೇಳಿಸ್ತು’ ಅನ್ನುವ ಮಟ್ಟಕ್ಕೆ ಏರಿಸಿ, ಅಲ್ಲಿಂದ 2 ಡಿಬಿ ಇಳಿಸಿ. ಈಗ ರಿಟರ್ನ್ ಮ್ಯೂಟ್ ಮಾಡಿ. ಗಾಯನ ಒಂದು ಹೆಜ್ಜೆ ಮುಂದೆ ಬಂದು ಒಣಗಿದ ಹಾಗೆ ಅನಿಸಿದರೆ ಮಟ್ಟ ಸರಿಯಾಗಿದೆ.

ಇನ್ನು ನಿಮ್ಮ ಎರಡನೇ ತೊಂದರೆ, ಗಾಯನ ಹೋದರೂ ಉಳಿಯುವ ರಿವರ್ಬ್. ಇದು ತಪ್ಪು ಅಂತ ಹೇಳಲಾರೆ, ಸೆಂಡ್ ಎಲ್ಲಿಂದ ಹೊರಟಿದೆ ಅನ್ನೋದರ ಫಲ ಅಷ್ಟೇ.

ಪೋಸ್ಟ್-ಫೇಡರ್ ಸೆಂಡ್ ಅಂದರೆ ಟ್ರ್ಯಾಕ್‌ನ ಫೇಡರ್ ದಾಟಿದ ಮೇಲೆ ತೆಗೆದ ಪ್ರತಿ. ಟ್ರ್ಯಾಕ್ ಫೇಡರ್ ಇಳಿಸಿದರೆ ಪ್ರತಿಯೂ ಇಳಿಯುತ್ತೆ, ರಿವರ್ಬ್ ಕೂಡ ಅದೇ ಅಳತೆಯಲ್ಲಿ ಕಮ್ಮಿ ಆಗುತ್ತೆ. ಪ್ರೀ-ಫೇಡರ್ ಅಂದರೆ ಫೇಡರ್‌ಗೆ ಮುಂಚೆ ತೆಗೆದಿದ್ದು. ಫೇಡರ್ ಎಲ್ಲಿದ್ದರೂ ಪ್ರತಿಗೆ ಲೆಕ್ಕ ಇಲ್ಲ. ನಿಮ್ಮ ಸೆಂಡ್ ಪೋಸ್ಟ್-ಫೇಡರೇ ಇರಬಹುದು, ಆದರೆ ಅದು ಟ್ರ್ಯಾಕ್‌ನಿಂದ ಹೊರಟಿದೆ. ನೀವು ಇಳಿಸಿದ್ದು ಬಸ್‌ನ ಫೇಡರ್. ಬಸ್ ಇರೋದು ಸೆಂಡ್ ಆದ ಮೇಲೆ. ಪ್ರತಿ ಆಗಲೇ ರಿವರ್ಬ್ ಕಡೆ ಹೊರಟುಹೋಗಿದೆ. ಬಸ್ ಮುಚ್ಚಿದರೆ ಅದಕ್ಕೇನು?

ಪೂರ್ತಿ ಇಳಿಸಿದಾಗ ಇದು ಎದ್ದು ಕಾಣುತ್ತೆ, ಹಾಗಾಗಿ ನಿಮಗೆ ಗೊತ್ತಾಯಿತು. ಬರೀ 2 ಡಿಬಿ ಇಳಿಸಿದಾಗಲೂ ಇದೇ ಆಗಿರುತ್ತೆ. ಗಾಯನ 2 ಡಿಬಿ ಕೆಳಗೆ, ರಿವರ್ಬ್ ಇದ್ದಲ್ಲೇ. ಎರಡರ ಅಳತೆ ತಪ್ಪುತ್ತೆ, ಗಾಯಕರು ಕೊಂಚ ದೂರ ಸರಿದ ಹಾಗಾಗುತ್ತೆ. ಸಂಜೆ ಹೊತ್ತಿಗೆ ‘ಬೆಳಿಗ್ಗೆ ಚೆನ್ನಾಗಿತ್ತಲ್ಲ, ಈಗ ಯಾಕೆ ಮಂಕಾಯಿತು’ ಅಂತ ತಲೆ ಕೆರೆದುಕೊಳ್ಳೋದು ಇಂಥ ಕಡೆಗಳಲ್ಲೇ.

ಮೂರು ಪರಿಹಾರ ಇವೆ. ಸೆಂಡನ್ನು ಟ್ರ್ಯಾಕ್ ಬದಲು ಬಸ್‌ನಿಂದಲೇ ಕೊಡಬಹುದು. ಹಿನ್ನೆಲೆ ಗಾಯನದ ಆರು ಟ್ರ್ಯಾಕ್‌ಗಳಿಗೂ ಒಂದೇ ಅಳತೆಯ ರಿವರ್ಬ್ ಸಾಕು ಅನ್ನುವಾಗ ಇದೇ ಸುಲಭ. ಬೇರೆ ಬೇರೆ ಅಳತೆ ಬೇಕಿದ್ದರೆ ವಿಸಿಎ ಫೇಡರ್ ಬಳಸಬಹುದು. ವಿಸಿಎ ಮೂಲಕ ಯಾವ ಧ್ವನಿಯೂ ಹಾದುಹೋಗೋದಿಲ್ಲ. ಅದು ದೂರದಿಂದಲೇ ಟ್ರ್ಯಾಕ್ ಫೇಡರ್‌ಗಳನ್ನು ಒಟ್ಟಿಗೆ ಮೇಲೆ ಕೆಳಗೆ ಮಾಡುವ ಕೈ. ಟ್ರ್ಯಾಕ್ ಫೇಡರೇ ಇಳಿಯುವುದರಿಂದ ಪೋಸ್ಟ್-ಫೇಡರ್ ಸೆಂಡ್ ಕೂಡ ಇಳಿಯುತ್ತೆ. ಆದರೆ ಇಲ್ಲೊಂದು ಎಚ್ಚರ ಬೇಕು. ಬಸ್ ಮೇಲೆ ಕಂಪ್ರೆಸರ್ ಇದ್ದರೆ, ವಿಸಿಎ ಇಳಿಸಿದಾಗ ಕಂಪ್ರೆಸರ್‌ಗೆ ಹೋಗುವ ಮಟ್ಟವೂ ಇಳಿಯುತ್ತೆ, ಅದರ ಹಿಡಿತ ಸಡಿಲ ಆಗುತ್ತೆ. ಬಸ್ ಫೇಡರ್ ಕಂಪ್ರೆಸರ್ ಆದ ಮೇಲೆ ಇರುವುದರಿಂದ ಅದಕ್ಕೆ ಈ ತೊಂದರೆ ಇಲ್ಲ.

ಮೂರನೆಯದು ನಾನು ದಿನಾ ಮಾಡೋದು. ಗಾಯನಕ್ಕೆ ಎರಡು ಬಸ್. ಒಳಗಿನ ಬಸ್‌ನಲ್ಲಿ ಗಾಯನದ ಟ್ರ್ಯಾಕ್‌ಗಳು ಮಾತ್ರ, ಕಂಪ್ರೆಸರ್, ಇಕ್ಯು ಎಲ್ಲ ಅಲ್ಲಿ. ಹೊರಗಿನ ಬಸ್‌ಗೆ ಒಳಗಿನ ಬಸ್ ಮತ್ತು ಗಾಯನದ ರಿವರ್ಬ್, ಡಿಲೇ ರಿಟರ್ನ್‌ಗಳು ಎಲ್ಲವೂ ಬಂದು ಸೇರುತ್ತವೆ. ಹೊರಗಿನ ಬಸ್ ಮೇಲೆ ಯಾವ ಪ್ಲಗಿನ್ನೂ ಇಲ್ಲ. ಅದರ ಫೇಡರ್ ಇಳಿಸಿದರೆ ಗಾಯನ, ಗುಂಗು ಎರಡೂ ಒಂದೇ ಅಳತೆಯಲ್ಲಿ ಇಳಿಯುತ್ತವೆ, ಕಂಪ್ರೆಸರ್ ಅಲುಗೋದಿಲ್ಲ, ಮ್ಯೂಟ್ ಮಾಡಿದರೆ ಬಾಲವೂ ಉಳಿಯೋದಿಲ್ಲ. ಇದಕ್ಕೆ ಒಂದೇ ಷರತ್ತು: ಆ ರಿವರ್ಬ್ ಗಾಯನಕ್ಕೆ ಮಾತ್ರ ಇರಬೇಕು. ಗಿಟಾರ್ ಕೂಡ ಅದನ್ನೇ ಹಂಚಿಕೊಂಡಿದ್ದರೆ, ಗಾಯನ ಮುಚ್ಚಿದಾಗ ಗಿಟಾರ್‌ನ ರಿವರ್ಬ್ ಕೂಡ ಮಾಯ.

ಹಾಗಾದರೆ ಪ್ರೀ-ಫೇಡರ್ ಯಾವುದಕ್ಕೆ? ಧ್ವನಿಮುದ್ರಣದ ಹೊತ್ತಿನಲ್ಲಿ ಹಾಡುವವರ ಹೆಡ್‌ಫೋನ್‌ಗೆ ಹೋಗುವ ಮಿಕ್ಸ್‌ಗೆ. ನೀವು ಇಲ್ಲಿ ಫೇಡರ್ ಎಳೆದಾಡಿದರೆ ಅವರ ಕಿವಿಯಲ್ಲಿ ಏನೂ ಬದಲಾಗಬಾರದು ಅಲ್ವಾ? ಮಿಕ್ಸಿಂಗ್‌ನಲ್ಲಿ ಮುಖ್ಯವಾಗಿ ಸೈಡ್‌ಚೈನ್‌ಗೆ. ಕಿಕ್ ಬಿದ್ದಾಗ ಬೇಸ್ ಒಂದು ಕ್ಷಣ ತಗ್ಗಬೇಕು ಅಂತ ಕಿಕ್‌ನ ಪ್ರತಿಯನ್ನು ಬೇಸ್ ಮೇಲಿನ ಕಂಪ್ರೆಸರ್‌ನ ಕೀ ಇನ್‌ಪುಟ್‌ಗೆ ಕೊಡುತ್ತೇವೆ. ಆ ಪ್ರತಿ ಯಾರಿಗೂ ಕೇಳಿಸೋದಿಲ್ಲ, ಅದು ಬರೀ ಸನ್ನೆ. ಕಿಕ್ ಫೇಡರ್ ಅರ್ಧ ಡಿಬಿ ಬದಲಿಸಿದಾಗಲೆಲ್ಲ ಬೇಸ್‌ನ ನಡೆ ಬದಲಾಗಬಾರದು ಅಂದರೆ ಸನ್ನೆ ಪ್ರೀ-ಫೇಡರ್ ಇರಲಿ. ಗಾಯನದ ಡಿಲೇ ರಿಟರ್ನ್ ಮೇಲೂ ಇದೇ ಕೆಲಸ ಮಾಡಿಸಬಹುದು. ಹಾಡುತ್ತಿರುವಾಗ ಡಿಲೇ ತಗ್ಗಿರುತ್ತೆ, ಸಾಲು ಮುಗಿದ ಕೂಡಲೇ ಎದ್ದು ಬರುತ್ತೆ. ಮಾತುಗಳ ಮೇಲೆ ಮಾತು ಬೀಳೋದಿಲ್ಲ.

ಗಾಯನವನ್ನು ದೂರ ಕಳಿಸುವುದಕ್ಕೂ ಪ್ರೀ-ಫೇಡರ್ ಚಂದ. ಹಾಡಿನ ಕೊನೆಯ ಸಾಲಿನಲ್ಲಿ ಫೇಡರ್ ಮೆಲ್ಲಗೆ ಇಳಿಸುತ್ತಾ ಹೋಗಿ. ರಿವರ್ಬ್ ಇದ್ದಲ್ಲೇ ಇರುತ್ತೆ, ಮೂಲ ಕರಗುತ್ತಾ ಹೋಗುತ್ತೆ. ಹಾಡುವವರು ಬೆನ್ನು ತಿರುಗಿಸಿ ನಡೆದು ಹೋದ ಹಾಗೆ ಕೇಳಿಸುತ್ತೆ. ನಿಮಗೆ ತಲೆನೋವಾಗಿದ್ದು ಇಲ್ಲಿ ಬೇಕಂತಲೇ ಬಳಸುವ ತಂತ್ರ.

ಈಗ ಬಸ್ ಮೇಲೆ ಪ್ಲಗಿನ್ ಹಾಕೋದರ ಬಗ್ಗೆ ಒಂದು ವಿಷಯ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ದಿನ ಉಳಿಯುತ್ತಿತ್ತು. ಎಂಟು ಟ್ರ್ಯಾಕ್‌ಗೆ ಒಂದೇ ಸೆಟ್ಟಿಂಗ್‌ನ ಇಕ್ಯು ಎಂಟು ಸಲ ಹಾಕಿ, ಅಥವಾ ಎಂಟನ್ನೂ ಕೂಡಿಸಿ ಬಸ್ ಮೇಲೆ ಒಂದೇ ಸಲ ಹಾಕಿ, ಫಲಿತಾಂಶ ಒಂದೇ. ಮೊದಲು ಕೂಡಿಸಿ ಆಮೇಲೆ ಇಕ್ಯು, ಮೊದಲು ಇಕ್ಯು ಆಮೇಲೆ ಕೂಡಿಸೋದು, ಎರಡರಲ್ಲೂ ವ್ಯತ್ಯಾಸ ಇಲ್ಲ. ಆದರೆ ಕಂಪ್ರೆಸರ್, ಸ್ಯಾಚುರೇಷನ್ (ಧ್ವನಿಯನ್ನು ಕೊಂಚ ಒಡೆದು ಬಣ್ಣ ಸೇರಿಸುವುದು) ಹಾಗಲ್ಲ. ಅವು ಒಳಗೆ ಬಂದ ಮಟ್ಟ ನೋಡಿ ನಡೆದುಕೊಳ್ಳುತ್ತವೆ. ಬಸ್ ಮೇಲಿನ ಕಂಪ್ರೆಸರ್‌ಗೆ ಕಿಕ್ ಬೇರೆ, ಸಿಂಬಲ್ ಬೇರೆ ಅಂತ ಗೊತ್ತಿಲ್ಲ. ಕಿಕ್ ಜೋರಾಗಿ ಬಿದ್ದರೆ ಸಿಂಬಲ್ ಕೂಡ ಜೊತೆಗೆ ತಗ್ಗುತ್ತೆ. ಹೀಗೆ ಒಬ್ಬರಿಗಾಗಿ ಇನ್ನೊಬ್ಬರು ತಗ್ಗಿ ಬಗ್ಗಿ ನಡೆಯುವುದರಿಂದಲೇ ಡ್ರಮ್ಸ್ ಒಂದೇ ವಾದ್ಯದ ಹಾಗೆ ಕೂಡಿಕೊಳ್ಳುತ್ತೆ. ಅದಕ್ಕೇ ‘ಗ್ಲೂ’ ಅನ್ನೋದು. 1ರಿಂದ 3 ಡಿಬಿ ತಗ್ಗಿಸಿದರೆ ಸಾಕು. ಜಾಸ್ತಿ ಆದರೆ ಇಡೀ ಡ್ರಮ್ಸ್ ಉಬ್ಬಸ ಬಂದ ಹಾಗೆ ಏದುಸಿರು ಬಿಡುತ್ತೆ.

ಇದರ ಇನ್ನೊಂದು ಪರಿಣಾಮ: ಬಸ್ ಮೇಲೆ ಕಂಪ್ರೆಸರ್ ಹಾಕಿದ ಮೇಲೆ ನೀವು ಸ್ನೇರ್ ಫೇಡರ್ 2 ಡಿಬಿ ಏರಿಸಿದರೂ ಅಷ್ಟು ಏರೋದಿಲ್ಲ. ಕಂಪ್ರೆಸರ್ ಒಂದಷ್ಟನ್ನು ವಾಪಸ್ ಒತ್ತುತ್ತೆ, ಅದರ ಜೊತೆ ಹೈಹ್ಯಾಟನ್ನೂ ಒತ್ತುತ್ತೆ. ಅದಕ್ಕೆ ನಾನು ಬಸ್ ಕಂಪ್ರೆಸರನ್ನು ಕೊನೆಗೆ ಇಟ್ಟುಕೊಳ್ಳದೆ, ಟ್ರ್ಯಾಕ್‌ಗಳ ಮಟ್ಟ ಒಂದು ಹದಕ್ಕೆ ಬಂದ ಕೂಡಲೇ ಹಾಕಿ, ಮುಂದಿನ ಎಲ್ಲ ಬ್ಯಾಲೆನ್ಸನ್ನು ಅದರ ಮೂಲಕ ಕೇಳುತ್ತಲೇ ಮಾಡುತ್ತೇನೆ.

ಬಸ್ ಮೀಟರ್ ಕೆಂಪಾದರೆ ಗಾಬರಿ ಬೇಡ. ಒಂದಕ್ಕೊಂದು ಸಂಬಂಧ ಇಲ್ಲದ ಸಿಗ್ನಲ್‌ಗಳು ಕೂಡಿದಾಗ, ಟ್ರ್ಯಾಕ್ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಮಟ್ಟ ಸುಮಾರು 3 ಡಿಬಿ ಏರುತ್ತೆ. ಸಮ ಮಟ್ಟದ 8 ಟ್ರ್ಯಾಕ್ ಕೂಡಿದರೆ 9 ಡಿಬಿ. ಏರೋದು ಸಹಜ. ಈಗಿನ ಸಾಫ್ಟ್‌ವೇರ್‌ಗಳು ಒಳಗೆ ಫ್ಲೋಟಿಂಗ್ ಪಾಯಿಂಟ್ ಲೆಕ್ಕ (ತುಂಬ ದೊಡ್ಡ ಸಂಖ್ಯೆಗಳನ್ನೂ ಹಿಡಿಯುವ ಲೆಕ್ಕ) ಮಾಡುವುದರಿಂದ ಬಸ್‌ನಲ್ಲಿ ಮೀಟರ್‌ನ ಸೊನ್ನೆ ಡಿಬಿ ಗೆರೆ ದಾಟಿದರೂ ಧ್ವನಿ ಒಡೆಯೋದಿಲ್ಲ. ಆದರೆ ಬಸ್ ಮೇಲಿರುವ ಕಂಪ್ರೆಸರ್, ಟೇಪ್ ಥರದ ಪ್ಲಗಿನ್‌ಗಳು ಆ ಏರಿದ ಮಟ್ಟ ನೋಡಿಯೇ ವರ್ತಿಸುತ್ತವೆ. ಹಾಗಾಗಿ ಬಸ್‌ನ ಮೊದಲ ಸ್ಲಾಟ್‌ನಲ್ಲಿ ಒಂದು ಗೇನ್ ಪ್ಲಗಿನ್ ಇಟ್ಟು ಅಲ್ಲೇ ತಗ್ಗಿಸಿಕೊಳ್ಳಿ. ಮಾಸ್ಟರ್‌ನಲ್ಲಿ ಮಾತ್ರ ಸೊನ್ನೆ ದಾಟಬಾರದು, ಅಲ್ಲಿಂದಾಚೆ ನಿಜವಾಗಿಯೂ ಒಡೆಯುತ್ತೆ.

ನೀವು ಗೊತ್ತಿಲ್ಲದೆ ಮಾಡಿದ ಡ್ರಮ್ಸ್ ವ್ಯವಸ್ಥೆಯನ್ನು ಗೊತ್ತಿದ್ದು ಮಾಡಿದರೆ ಅದಕ್ಕೆ ಪ್ಯಾರಲಲ್ ಕಂಪ್ರೆಷನ್ ಅನ್ನುತ್ತಾರೆ. ನ್ಯೂಯಾರ್ಕ್ ಕಂಪ್ರೆಷನ್ ಅಂತಲೂ ಹೆಸರಿದೆ. ಮೂಲ ಡ್ರಮ್ಸ್ ತನ್ನ ಪಾಡಿಗೆ ಬಸ್ ಮೂಲಕ ಹೋಗಲಿ. ಕಿಕ್, ಸ್ನೇರ್, ಟಾಮ್‌ಗಳಿಂದ ಇನ್ನೊಂದು ರಿಟರ್ನ್‌ಗೆ ಸೆಂಡ್ ಕೊಡಿ. ಸಿಂಬಲ್ ಬೇಡ, ಹಿಂಡಿದ ಸಿಂಬಲ್ ಕಿವಿ ಕೊರೆಯುತ್ತೆ. ಅಲ್ಲಿ ಕಂಪ್ರೆಸರ್ 10ಕ್ಕೆ 1ರ ಅನುಪಾತ, 10ರಿಂದ 15 ಡಿಬಿ ತಗ್ಗುವಷ್ಟು, ದಯೆ ಇಲ್ಲದೆ. ಆ ರಿಟರ್ನ್ ಒಂದನ್ನೇ ಕೇಳಿದರೆ ಅಸಹ್ಯವಾಗಿರುತ್ತೆ, ಇರಲಿ. ಅದರ ಫೇಡರ್ ಪೂರ್ತಿ ಇಳಿಸಿ, ಹಾಡು ನುಡಿಯುತ್ತಿರುವಾಗ ಮೆಲ್ಲಗೆ ಏರಿಸಿ. ಏಟಿನ ಮೊನೆ ಮೂಲದಿಂದ ಬರುತ್ತೆ, ಏಟಿನ ಮೈ ಇಲ್ಲಿಂದ ತುಂಬಿಕೊಳ್ಳುತ್ತೆ. ಒಂದು ಮೋಸ ಮಾತ್ರ ನೆನಪಿರಲಿ: ಇದನ್ನು ಸೇರಿಸಿದಾಗ ಒಟ್ಟು ಮಟ್ಟವೂ ಏರುತ್ತೆ, ಜೋರಾಗಿದ್ದೆಲ್ಲ ಕಿವಿಗೆ ಚೆಂದವೇ. ಏರಿದಷ್ಟನ್ನು ಇಳಿಸಿ, ಸಮ ಮಟ್ಟದಲ್ಲಿ ಹೋಲಿಸಿದ ಮೇಲೆಯೇ ಇಟ್ಟುಕೊಳ್ಳಬೇಕಾ ಬಿಡಬೇಕಾ ತೀರ್ಮಾನಿಸಿ.

ಪ್ಯಾರಲಲ್ ದಾರಿಯಲ್ಲಿ ಇನ್ನೊಂದು ಅಪಾಯ ಇದೆ. ಕೆಲವು ವರ್ಷಗಳ ಹಿಂದೆ ಒಂದು ಹಾಡಿನಲ್ಲಿ ನನಗೆ ಸ್ನೇರ್ ಪೊಳ್ಳಾಗಿ ಕೇಳಿಸುತ್ತಿತ್ತು, ಖಾಲಿ ಡಬ್ಬಿ ಬಡಿದ ಹಾಗೆ. ಎರಡು ದಿನ ಇಕ್ಯು ತಿರುವಿದೆ. ಸ್ನೇರ್ ಸ್ಯಾಂಪಲ್ ಬದಲಿಸೋಣ ಅಂತಲೂ ಯೋಚಿಸಿದೆ. ಕೊನೆಗೆ ಪ್ಯಾರಲಲ್ ರಿಟರ್ನ್ ಮ್ಯೂಟ್ ಮಾಡಿದಾಗ ಸ್ನೇರ್‌ಗೆ ಜೀವ ಬಂತು. ಅಲ್ಲಿದ್ದ ಒಂದು ಪ್ಲಗಿನ್ ಲೆಕ್ಕ ಮಾಡಲು 64 ಸ್ಯಾಂಪಲ್ ಸಮಯ ತೆಗೆದುಕೊಳ್ಳುತ್ತಿತ್ತು, ಆದರೆ ಆ ವಿಷಯ ಸಾಫ್ಟ್‌ವೇರ್‌ಗೆ ತಿಳಿಸುತ್ತಿರಲಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48000 ಸ್ಯಾಂಪಲ್ ಇರುವಾಗ, 64 ಸ್ಯಾಂಪಲ್ ಅಂದರೆ 1.33 ಮಿಲಿಸೆಕೆಂಡ್. ಕೇಳೋಕೆ ಏನೂ ಅಲ್ಲ. ಆದರೆ ಮೂಲ ಮತ್ತು ಪ್ರತಿ ಅಷ್ಟು ಅಂತರದಲ್ಲಿ ಕೂಡಿದರೆ 375 ಹರ್ಟ್ಸ್‌ನಲ್ಲಿ ಎರಡೂ ಒಂದನ್ನೊಂದು ಅಳಿಸುತ್ತವೆ. ಮತ್ತೆ 1125ರಲ್ಲಿ, ಮತ್ತೆ 1875ರಲ್ಲಿ, ಹೀಗೇ ಬಾಚಣಿಗೆ ಹಲ್ಲಿನ ಹಾಗೆ ಮೇಲಿನವರೆಗೂ. ಸ್ನೇರ್‌ನ ಮೈ ಇರೋದೇ ಆ ಜಾಗಗಳಲ್ಲಿ. ಯಾವ ಇಕ್ಯುವಿನಿಂದಲೂ ಅದನ್ನು ತುಂಬಲು ಆಗೋದಿಲ್ಲ.

ಪ್ಲಗಿನ್‌ಗಳು ಸಮಯ ಸರಿಯಾಗಿ ತಿಳಿಸಿದರೆ ಸಾಫ್ಟ್‌ವೇರ್ ಉಳಿದ ದಾರಿಗಳನ್ನು ಅಷ್ಟೇ ತಡ ಮಾಡಿ ಸರಿದೂಗಿಸುತ್ತೆ. ನಿಮ್ಮಲ್ಲಿ ಡಿಲೇ ಕಾಂಪೆನ್ಸೇಷನ್ ಆನ್ ಇದೆಯಾ ನೋಡಿಕೊಳ್ಳಿ. ಅನುಮಾನ ಬಂದ ಪ್ಲಗಿನ್‌ಗೆ ಈ ಪರೀಕ್ಷೆ ಮಾಡಿ: ಒಂದು ಸ್ನೇರ್ ಟ್ರ್ಯಾಕ್ ಮಾಸ್ಟರ್‌ಗೆ ಹೋಗಲಿ, ಅದರಿಂದ ಸೊನ್ನೆ ಡಿಬಿಯಲ್ಲಿ ಪೋಸ್ಟ್-ಫೇಡರ್ ಸೆಂಡ್ ಒಂದು ಖಾಲಿ ರಿಟರ್ನ್‌ಗೆ ಹೋಗಲಿ. ರಿಟರ್ನ್‌ನಲ್ಲಿ ಪೊಲಾರಿಟಿ ತಿರುಗಿಸಿ, ಅಂದರೆ ಅಲೆಯ ಪ್ಲಸ್ ಮೈನಸ್ ಅದಲುಬದಲು ಮಾಡಿ. ಪೂರ್ತಿ ನಿಶ್ಶಬ್ದ ಆಗಬೇಕು. ಈಗ ಪ್ಲಗಿನ್ ಹಾಕಿ, ಏನೂ ಬದಲಿಸದ ಸೆಟ್ಟಿಂಗ್‌ನಲ್ಲಿ ಇಡಿ. ನಿಶ್ಶಬ್ದ ಹಾಗೇ ಉಳಿದರೆ ಸರಿ. ತೆಳ್ಳಗೆ, ಚಿರಚಿರ ಅಂತ ಸ್ನೇರ್ ಕೇಳಿಸಿದರೆ ಸಮಯ ತಪ್ಪುತ್ತಿದೆ. ಹಳೆ ಯಂತ್ರಗಳ ನಕಲು ಮಾಡುವ ಕೆಲವು ಪ್ಲಗಿನ್‌ಗಳು ಸುಮ್ಮನಿದ್ದಾಗಲೂ ಬಣ್ಣ ಸೇರಿಸುತ್ತವೆ, ಅವುಗಳಲ್ಲಿ ಪೂರ್ತಿ ನಿಶ್ಶಬ್ದ ನಿರೀಕ್ಷಿಸಬೇಡಿ. ಪ್ಯಾರಲಲ್ ದಾರಿಯಲ್ಲಿ ಕಡಿದಾದ ಹೈಪಾಸ್ ಹಾಕುವುದನ್ನೂ ನಾನು ತಪ್ಪಿಸುತ್ತೇನೆ. ಸಾಮಾನ್ಯ ಇಕ್ಯು ಫೇಸ್ (ಅಲೆಯ ಏರಿಳಿತದ ಹೊತ್ತು) ತಿರುಗಿಸುತ್ತೆ. ಮೂಲದ ಜೊತೆ ಕೂಡಿದಾಗ ನೀವು ಕೇಳದ ಕಡೆ ತಗ್ಗು ಬೀಳುತ್ತೆ.

ಸೋಲೋ ಒತ್ತಿದಾಗ ರಿವರ್ಬ್ ಮಾಯವಾಗುತ್ತೆ ಅಂತ ಮುಂದೆ ನೀವು ಕೇಳಬಹುದು. ಅದಕ್ಕೆ ರಿಟರ್ನ್‌ಗಳನ್ನು ಸೋಲೋ ಸೇಫ್ (ಬೇರೆ ಟ್ರ್ಯಾಕ್ ಸೋಲೋ ಆದರೂ ಮ್ಯೂಟ್ ಆಗದ ಹಾಗೆ) ಮಾಡಿಟ್ಟುಕೊಳ್ಳಿ, ಸಾಕು.

ಎಷ್ಟು ಬಸ್ ಬೇಕು ಅಂತ ಕೇಳಿದ್ದಿರಿ. ಅಂಕಿ ಹಿಡಿದು ಕೂರಬೇಡಿ. ಯಾವೆಲ್ಲ ಟ್ರ್ಯಾಕ್‌ಗಳನ್ನು ನೀವು ಒಟ್ಟಿಗೆ ಜೋರು ಮಾಡಬೇಕು, ಒಟ್ಟಿಗೆ ತಗ್ಗಿಸಬೇಕು ಅನಿಸುತ್ತೋ ಅವಕ್ಕೆ ಒಂದು ಬಸ್. ನಿಮ್ಮ 24 ಟ್ರ್ಯಾಕ್ ಹಾಡಿಗೆ ಡ್ರಮ್ಸ್, ಬೇಸ್, ಗಿಟಾರ್ ಮತ್ತು ಕೀಬೋರ್ಡ್, ಹಿನ್ನೆಲೆ ಗಾಯನ, ಮುಖ್ಯ ಗಾಯನ ಅಂತ ಐದು ಸಾಕು ಅಂತ ನನ್ನ ಅಭಿಪ್ರಾಯ. ಬೇಸ್ ಒಂದೇ ಟ್ರ್ಯಾಕ್ ಇದ್ದರೂ ಅದಕ್ಕೊಂದು ಬಸ್ ಇಡುತ್ತೇನೆ, ನಾಳೆ ಇನ್ನೊಂದು ಪದರ ಸೇರಿದರೆ ದಾರಿ ಸಿದ್ಧ ಇರುತ್ತೆ. ರಿಟರ್ನ್‌ಗಳಲ್ಲಿ ಎರಡು ರಿವರ್ಬ್, ಒಂದು ಡಿಲೇ, ಒಂದು ಡ್ರಮ್ಸ್ ಪ್ಯಾರಲಲ್. ಡಿಲೇ ಸಮಯಕ್ಕೆ 60000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಅಂಕಿಯಿಂದ) ಭಾಗಿಸಿ, ಒಂದು ಬೀಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತೆ. 96 ಬಿಪಿಎಂಗೆ 625. ಡಿಲೇ ರಿಟರ್ನ್‌ನಿಂದ ಕೊಂಚ ರಿವರ್ಬ್‌ಗೂ ಸೆಂಡ್ ಕೊಡಿ, ಮರುದನಿಗಳು ಗೋಡೆಗೆ ಅಂಟಿದ ಹಾಗಿರದೆ ಕೋಣೆಯೊಳಗೆ ಕೂರುತ್ತವೆ. ರಿವರ್ಬ್‌ನಿಂದ ತಿರುಗಿ ಡಿಲೇಗೆ ಮಾತ್ರ ಕೊಡಬೇಡಿ. ಸುತ್ತು ಶುರುವಾದರೆ ಮಟ್ಟ ಏರುತ್ತಲೇ ಹೋಗಿ ಸ್ಪೀಕರ್, ಕಿವಿ ಎರಡಕ್ಕೂ ಪೆಟ್ಟು.

ಈಗ ಸೆಷನ್ ತೆರೆದು ಮೊದಲು ಇದನ್ನು ಮಾಡಿ. ಎಲ್ಲ ಟ್ರ್ಯಾಕ್‌ಗಳ ಔಟ್‌ಪುಟ್ ಬಸ್‌ಗಳಿಗೆ ತಿರುಗಿಸಿದ ಮೇಲೆ ಐದೂ ಬಸ್, ನಾಲ್ಕೂ ರಿಟರ್ನ್ ಮ್ಯೂಟ್ ಮಾಡಿ ಪ್ಲೇ ಒತ್ತಿ. ಏನೂ ಕೇಳಿಸಬಾರದು. ಕೇಳಿಸಿದರೆ, ಆ ಟ್ರ್ಯಾಕ್‌ನ ಔಟ್‌ಪುಟ್ ಇನ್ನೂ ನೇರವಾಗಿ ಮಾಸ್ಟರ್‌ಗೇ ಹೋಗುತ್ತಿದೆ. ಅದನ್ನು ಸರಿಪಡಿಸಿ, ಆಮೇಲೆ ಬಸ್‌ಗಳನ್ನು ಒಂದೊಂದಾಗಿ ತೆರೆಯುತ್ತಾ ಬನ್ನಿ, ಡ್ರಮ್ಸ್‌ನಿಂದ ಶುರು ಮಾಡಿ.